ಷೇರು ಬಂಡವಾಳ ಮತ್ತು ರಿಸರ್ವ್: ಆಡಿಟರ್ ಏನನ್ನು ಚೆಕ್ ಮಾಡ್ತಾರೆ?

ನಮ್ಮಲ್ಲಿ ಬಹಳ ಜನಕ್ಕೆ ಬ್ಯಾಲೆನ್ಸ್ ಶೀಟ್ ಅಂದ್ರೆ ಕಾಮರ್ಸ್‌ನವರ ತಲೆನೋವು. ಆದರೆ ಸ್ವಲ್ಪ ಯೋಚನೆ ಮಾಡಿ. ಕ್ಯಾಂಪಸ್‌ಗೆ ಬರುವ ಎಷ್ಟೋ ಸ್ಟಾರ್ಟಪ್‌ಗಳ ಆಫರ್ ಲೆಟರ್‌ನಲ್ಲಿ ಸಂಬಳದ ಕೆಳಗೆ ಇಸಾಪ್ ಅಂತ ಒಂದು ಸಾಲು ಇರುತ್ತೆ, ಅಂದ್ರೆ ಮುಂದೆ ಕಂಪನಿಯ ಷೇರು ಕೊಳ್ಳುವ ಆಯ್ಕೆ. ಮೂರು ಜನ ಫ್ರೆಂಡ್ಸ್ ಸೇರಿ ಕಂಪನಿ ರಿಜಿಸ್ಟರ್ ಮಾಡಿಸಿದ್ರೆ ಮೊದಲ ದಿನವೇ ಷೇರು ಹಂಚಿಕೊಳ್ಳಬೇಕು. ಎರಡೂ ಕಡೆ ಪ್ರಶ್ನೆ ಒಂದೇ: ಈ ಕಂಪನಿಯಲ್ಲಿ ನಿಜವಾಗಿ ಎಷ್ಟು ಷೇರು ಇವೆ, ಅವುಗಳ ಹಿಂದೆ ನಿಜವಾಗಿ ಎಷ್ಟು ದುಡ್ಡು ಇದೆ?

ಈ ಪ್ರಶ್ನೆಗೆ ಉತ್ತರ ಬ್ಯಾಲೆನ್ಸ್ ಶೀಟ್‌ನಲ್ಲಿ ಎರಡೇ ಸಾಲಿನಲ್ಲಿ ಇರುತ್ತೆ. ಒಂದು ಷೇರು ಬಂಡವಾಳ, ಇನ್ನೊಂದು ರಿಸರ್ವ್. ಆ ಎರಡು ಸಾಲು ಸರಿ ಇದೆಯಾ ಅಂತ ಆಡಿಟರ್ ಹೇಗೆ ನೋಡ್ತಾರೆ ಅನ್ನೋದೇ ಈ ಲೇಖನ.

ಇಲ್ಲಿ ಒಂದು ತಮಾಷೆ ಇದೆ. ಫ್ಯಾಕ್ಟರಿಯಲ್ಲಿ ಹತ್ತು ಲೇತ್ ಮೆಷಿನ್ ಇದೆ ಅಂದ್ರೆ ಹೋಗಿ ಎಣಿಸಬಹುದು. ಸ್ಟಾಕ್ ಇದೆ ಅಂದ್ರೆ ಗೋಡೌನ್‌ಗೆ ಹೋಗಿ ತೂಕ ಹಾಕಬಹುದು. ಆದರೆ ರಿಸರ್ವ್ ಎಲ್ಲಿದೆ ತೋರಿಸಿ ಅಂದ್ರೆ ಯಾರೂ ತೋರಿಸೋಕೆ ಆಗಲ್ಲ. ಅದು ಬೀರುವಿನಲ್ಲಿ ಇಟ್ಟ ದುಡ್ಡಲ್ಲ, ಬರೀ ಒಂದು ಲೆಕ್ಕ. ಕಣ್ಣಿಗೆ ಕಾಣದೇ ಇರೋದನ್ನ ಚೆಕ್ ಮಾಡೋದು ಹೇಗೆ?

ಮೊದಲು ಪದಗಳು

ಅಧಿಕೃತ ಬಂಡವಾಳ: ಕಂಪನಿ ಗರಿಷ್ಠ ಎಷ್ಟು ಮೌಲ್ಯದ ಷೇರು ಕೊಡಬಹುದು ಅನ್ನೋ ಮಿತಿ. ಇದನ್ನ ಕಂಪನಿಯ ಮೆಮೊರಾಂಡಮ್‌ನಲ್ಲಿ ಬರೆದಿರ್ತಾರೆ. ಇದು ದುಡ್ಡಲ್ಲ, ಬರೀ ಸೀಲಿಂಗ್.

ಪಾವತಿಯಾದ ಬಂಡವಾಳ: ಜನ ನಿಜವಾಗಿ ತೆಗೆದುಕೊಂಡ ಷೇರುಗಳ ಮುಖಬೆಲೆಯಲ್ಲಿ ಕಂಪನಿಗೆ ಸಂದಾಯ ಆಗಿರೋ ಭಾಗ. ಬ್ಯಾಲೆನ್ಸ್ ಶೀಟ್‌ನ ಮೊತ್ತಕ್ಕೆ ಸೇರೋದು ಇದು ಮಾತ್ರ.

ಪ್ರೀಮಿಯಂ: ಮುಖಬೆಲೆಗಿಂತ ಜಾಸ್ತಿ ಬಂದ ದುಡ್ಡು. ನಮ್ಮ ಬೆಂಗಳೂರಿನ ಇನ್ಫೋಸಿಸ್ 1993ರಲ್ಲಿ ಐಪಿಒ ತಂದಾಗ ಷೇರಿನ ಮುಖಬೆಲೆ 10 ರೂಪಾಯಿ, ಮಾರಿದ ಬೆಲೆ 95 ರೂಪಾಯಿ. ಅಂದ್ರೆ ಪ್ರತಿ ಷೇರಿಗೆ 10 ರೂಪಾಯಿ ಷೇರು ಬಂಡವಾಳಕ್ಕೆ, ಉಳಿದ 85 ರೂಪಾಯಿ ಪ್ರೀಮಿಯಂ ಖಾತೆಗೆ ಹೋಗುತ್ತೆ. ಒಂದೇ ಚೆಕ್‌ನಲ್ಲಿ ಬಂದ ದುಡ್ಡು ಎರಡು ಖಾತೆಗೆ ಒಡೆಯುತ್ತೆ.

ರಿಸರ್ವ್: ಮಾಲೀಕರಿಗೆ ಸೇರಿದ್ದು, ಆದರೆ ಷೇರಿನ ಮುಖಬೆಲೆ ಅಲ್ಲದ್ದು. ಇದರಲ್ಲಿ ಬೇರೆ ಬೇರೆ ಜಾತಿ ಇವೆ. ವರ್ಷ ವರ್ಷ ಉಳಿದ ಲಾಭ, ಜನರಲ್ ರಿಸರ್ವ್, ಸೆಕ್ಯುರಿಟೀಸ್ ಪ್ರೀಮಿಯಂ, ಕ್ಯಾಪಿಟಲ್ ರಿಡೆಂಪ್ಷನ್ ರಿಸರ್ವ್, ಜಾಗ-ಕಟ್ಟಡದ ಬೆಲೆ ಏರಿಸಿ ಬರೆದಾಗ ಹುಟ್ಟೋ ರೀವ್ಯಾಲ್ಯುಯೇಷನ್ ರಿಸರ್ವ್. ಎಲ್ಲವೂ ಒಂದೇ ಹೆಡ್ಡಿಂಗ್ ಕೆಳಗೆ ಕೂತಿದ್ರೂ ಎಲ್ಲವನ್ನೂ ಒಂದೇ ಥರ ಖರ್ಚು ಮಾಡೋ ಹಾಗಿಲ್ಲ. ಇದು ಮುಂದೆ ತುಂಬಾ ಮುಖ್ಯ ಆಗುತ್ತೆ.

ಒಂದು ಸಮೀಕರಣ

ಆಡಿಟರ್ ಕೆಲಸ ಶುರು ಆಗೋದು ನಮಗೆ ಚೆನ್ನಾಗಿ ಗೊತ್ತಿರೋ ಥರದ ಒಂದು ಸಮೀಕರಣದಿಂದ:

ಆರಂಭದ ಶಿಲ್ಕು + ಈ ವರ್ಷ ಸೇರಿದ್ದು − ಈ ವರ್ಷ ಕಳೆದಿದ್ದು = ಕೊನೆಯ ಶಿಲ್ಕು

ಕಿರ್ಚಾಫ್ ನಿಯಮದಲ್ಲಿ ಒಂದು ನೋಡ್‌ಗೆ ಬಂದ ಕರೆಂಟ್, ಹೋದ ಕರೆಂಟ್ ಲೆಕ್ಕ ಹಾಕ್ತೀವಲ್ಲ, ಹಾಗೇ. ವ್ಯತ್ಯಾಸ ಒಂದೇ, ಇಲ್ಲಿ ನೋಡ್ ಒಳಗೆ ಸ್ವಲ್ಪ ಉಳಿಯುತ್ತೆ.

ಕಂಪನಿಯ ಮೊದಲ ಆಡಿಟ್ ಆದ್ರೆ ಮೆಮೊರಾಂಡಮ್, ಆರ್ಟಿಕಲ್ಸ್, ನೋಂದಣಿ ಪ್ರಮಾಣಪತ್ರ ಎಲ್ಲವನ್ನೂ ಮೊದಲಿಂದ ಓದಬೇಕು. ಮೆಮೊರಾಂಡಮ್‌ಗೆ ಸಹಿ ಹಾಕಿದವರು ತಮ್ಮ ಷೇರಿನ ದುಡ್ಡು ಕೊಟ್ಟಿದ್ದಾರಾ ನೋಡಬೇಕು. ಈಗ ಷೇರು ಬಂಡವಾಳ ಇರುವ ಹೊಸ ಕಂಪನಿ ನೋಂದಣಿಯಾದ 180 ದಿನದೊಳಗೆ ಈ ದುಡ್ಡು ಬಂದಿದೆ ಅಂತ ಐಎನ್‌ಸಿ-20ಎ ಫಾರ್ಮ್‌ನಲ್ಲಿ ಘೋಷಣೆ ಕೊಡಬೇಕು. ಅದಕ್ಕೆ ಮುಂಚೆ ವ್ಯವಹಾರ ಶುರು ಮಾಡೋ ಹಾಗಿಲ್ಲ.

ಹಳೇ ಕಂಪನಿ ಆದ್ರೆ ಹೋದ ವರ್ಷದ ಆಡಿಟ್ ಆದ ಶಿಲ್ಕೇ ಈ ವರ್ಷದ ಆರಂಭ. ಅದು ಪುಸ್ತಕದಲ್ಲಿ ಹಾಗೇ ಬಂದಿದೆಯಾ ಅಂತ ತಾಳೆ ನೋಡಿ, ನಂತರ ಬದಲಾವಣೆಗಳ ಮೇಲೆ ಗಮನ ಇಡ್ತಾರೆ. ಗಿಟ್ ಬಳಸೋರಿಗೆ ಇದು ಸುಲಭ: ಹಿಂದಿನ ಕಮಿಟ್ ಸರಿ ಇದ್ರೆ ಈಗ ಡಿಫ್ ಮಾತ್ರ ರಿವ್ಯೂ ಮಾಡಿದ್ರೆ ಸಾಕು.

ಷೇರು ಬಂಡವಾಳ: ಮೂರು ಪ್ರಶ್ನೆ

ಪ್ರತಿ ಬದಲಾವಣೆಗೂ ಮೂರು ಪ್ರಶ್ನೆ ಕೇಳಬೇಕು. ಅನುಮತಿ ಇತ್ತಾ? ದುಡ್ಡು ಬಂತಾ? ದಾಖಲೆ ಆಯ್ತಾ?

ಒಂದು ಉದಾಹರಣೆ ತಗೊಳ್ಳೋಣ. ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಅಧಿಕೃತ ಬಂಡವಾಳ 15 ಲಕ್ಷ. 10 ರೂಪಾಯಿಯ 1,00,000 ಷೇರು ಈಗಾಗಲೇ ಇವೆ, ಅಂದ್ರೆ ಪಾವತಿಯಾದ ಬಂಡವಾಳ 10 ಲಕ್ಷ. ಈ ವರ್ಷ ಕೆಲವು ಹೂಡಿಕೆದಾರರಿಗೆ 20,000 ಹೊಸ ಷೇರನ್ನ ತಲಾ 150 ರೂಪಾಯಿಗೆ ಕೊಟ್ಟರು. ಬಂದ ದುಡ್ಡು 30 ಲಕ್ಷ. ಅದರಲ್ಲಿ 2 ಲಕ್ಷ ಬಂಡವಾಳ, 28 ಲಕ್ಷ ಪ್ರೀಮಿಯಂ.

ಅನುಮತಿ. ಹೊಸ ಬಂಡವಾಳ 12 ಲಕ್ಷ, ಮಿತಿ 15 ಲಕ್ಷ, ಹಾಗಾಗಿ ಸರಿ. ಮಿತಿ ಮೀರಿದ್ರೆ ಮೊದಲು ಷೇರುದಾರರ ಸಭೆಯಲ್ಲಿ ಮಿತಿ ಏರಿಸಿ, 30 ದಿನದೊಳಗೆ ಎಸ್‌ಎಚ್-7 ಫಾರ್ಮ್ ಹಾಕಿರಬೇಕು. ಆಮೇಲೆ ಬೋರ್ಡ್ ಮೀಟಿಂಗ್‌ನ ನಡಾವಳಿ, ಷೇರುದಾರರ ವಿಶೇಷ ನಿರ್ಣಯ. ಇದು ಆಯ್ದ ಜನರಿಗೆ ಮಾತ್ರ ಕೊಟ್ಟ ಷೇರು, ಕಾನೂನಿನ ಭಾಷೆಯಲ್ಲಿ ಪ್ರೈವೇಟ್ ಪ್ಲೇಸ್‌ಮೆಂಟ್. ಆದ್ದರಿಂದ 150 ರೂಪಾಯಿ ಅನ್ನೋ ಬೆಲೆ ಎಲ್ಲಿಂದ ಬಂತು ಅನ್ನೋದಕ್ಕೆ ನೋಂದಾಯಿತ ವ್ಯಾಲ್ಯುಯರ್ ಕೊಟ್ಟ ವರದಿ ಬೇಕು. ಕಂಪನಿ ಕಾಯ್ದೆ 2013ರ ಸೆಕ್ಷನ್ 53 ಪ್ರಕಾರ ಮುಖಬೆಲೆಗಿಂತ ಕಡಿಮೆಗೆ ಷೇರು ಕೊಡೋ ಹಾಗೇ ಇಲ್ಲ. ಸ್ವೆಟ್ ಈಕ್ವಿಟಿಯಂಥ ಕೆಲವೇ ವಿನಾಯಿತಿ ಇವೆ.

ದುಡ್ಡು. ಪ್ರೈವೇಟ್ ಪ್ಲೇಸ್‌ಮೆಂಟ್‌ನಲ್ಲಿ ಕ್ಯಾಶ್ ತಗೊಳ್ಳೋ ಹಾಗಿಲ್ಲ. ದುಡ್ಡು ಬ್ಯಾಂಕ್ ಮೂಲಕ, ಅದಕ್ಕೇ ಮೀಸಲಾದ ಪ್ರತ್ಯೇಕ ಖಾತೆಗೆ ಬರಬೇಕು. ಆಡಿಟರ್ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಒಂದೊಂದೇ ಹೆಸರಿಗೆ ಟಿಕ್ ಹಾಕ್ತಾರೆ: ಷೇರು ಪಡೆದವರ ಖಾತೆಯಿಂದಲೇ ದುಡ್ಡು ಬಂತಾ, ಅಷ್ಟೇ ಮೊತ್ತ ಬಂತಾ. ಅಷ್ಟಕ್ಕೇ ನಿಲ್ಲಿಸಲ್ಲ, ಹಿಂದಿನ ಮುಂದಿನ ಕೆಲವು ದಿನಗಳ ಎಂಟ್ರಿಗಳನ್ನೂ ನೋಡ್ತಾರೆ. ಯಾಕೆ? ಕಂಪನಿ ತಾನೇ ಒಬ್ಬರಿಗೆ "ಅಡ್ವಾನ್ಸ್" ಅಂತ 10 ಲಕ್ಷ ಕೊಟ್ಟು, ಅದೇ 10 ಲಕ್ಷ ಮೂರು ದಿನದ ಮೇಲೆ ಷೇರಿನ ದುಡ್ಡಾಗಿ ವಾಪಸ್ ಬಂದಿದ್ರೆ? ಬಂಡವಾಳ ಬೆಳೆದ ಹಾಗೆ ಕಾಣುತ್ತೆ, ಆದರೆ ಹೊರಗಿಂದ ಒಂದು ರೂಪಾಯಿನೂ ಬಂದಿಲ್ಲ. ದುಡ್ಡು ಬರೀ ಸುತ್ತು ಹೊಡೆದಿದೆ ಅಷ್ಟೇ.

ಸಮಯವೂ ಮುಖ್ಯ. ದುಡ್ಡು ಬಂದ 60 ದಿನದೊಳಗೆ ಷೇರು ಹಂಚಬೇಕು. ಇಲ್ಲಾಂದ್ರೆ ಮುಂದಿನ 15 ದಿನದಲ್ಲಿ ವಾಪಸ್ ಕೊಡಬೇಕು. ಅದೂ ಆಗಲಿಲ್ಲ ಅಂದ್ರೆ 60ನೇ ದಿನದ ನಂತರದಿಂದ ವರ್ಷಕ್ಕೆ ಶೇಕಡ 12 ಬಡ್ಡಿ. ಹೀಗೆ ವಾಪಸ್ ಕೊಡಬೇಕಾದ ದುಡ್ಡನ್ನ ಬಂಡವಾಳದ ಜೊತೆ ಸೇರಿಸಿ ತೋರಿಸಿದ್ರೆ ತಪ್ಪು. ಅದು ಸಾಲ.

ದಾಖಲೆ. ಹಂಚಿಕೆ ಆದ 15 ದಿನದೊಳಗೆ ಪಿಎಎಸ್-3 ಅನ್ನೋ ರಿಟರ್ನ್ ಅನ್ನ ಕಂಪನಿಗಳ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ಅದನ್ನ ಸಲ್ಲಿಸೋವರೆಗೂ ಆ ದುಡ್ಡನ್ನ ಬಳಸೋ ಹಾಗಿಲ್ಲ. ಷೇರು ಸರ್ಟಿಫಿಕೇಟ್ ಎರಡು ತಿಂಗಳೊಳಗೆ, ಡಿಮ್ಯಾಟ್ ಆದ್ರೆ ಡೆಪಾಸಿಟರಿಯ ದಾಖಲೆ. ಕೊನೆಗೆ ಸದಸ್ಯರ ರಿಜಿಸ್ಟರ್: ಎಲ್ಲಾ ಹೆಸರುಗಳ ಮುಂದಿರೋ ಷೇರುಗಳನ್ನ ಕೂಡಿದ್ರೆ ಕರೆಕ್ಟಾಗಿ 1,20,000 ಬರಬೇಕು. ಒಂದು ಷೇರು ವ್ಯತ್ಯಾಸ ಬಂದ್ರೂ ಯಾಕೆ ಅಂತ ಹುಡುಕಲೇಬೇಕು. ಇದು ಚೆಕ್‌ಸಮ್ ಇದ್ದ ಹಾಗೆ.

ದುಡ್ಡಿನ ಬದಲು ಬೇರೆ ಏನಾದ್ರೂ ಕೊಟ್ಟಿದ್ರೆ? ಇದು ನಮ್ಮಂಥವರಿಗೆ ನೇರವಾಗಿ ತಟ್ಟೋ ವಿಷಯ. ಒಬ್ಬ ಕೋಡ್ ಬರೆದ, ಅದರ ಬದಲಿಗೆ ಷೇರು ತಗೊಂಡ. ಬ್ಯಾಂಕ್ ಎಂಟ್ರಿ ಇಲ್ಲ. ಆಗ ಆಡಿಟರ್ ಒಪ್ಪಂದ ಕೇಳ್ತಾರೆ, ವ್ಯಾಲ್ಯುಯೇಷನ್ ಕೇಳ್ತಾರೆ, ಆ ಕೋಡ್ ನಿಜವಾಗಿ ಕಂಪನಿಯ ಹೆಸರಿಗೆ ವರ್ಗ ಆಗಿದೆಯಾ ಕೇಳ್ತಾರೆ. ಬಾಯಿಮಾತಿನ "ನಿಂಗೆ ಶೇಕಡ 20 ಮಚ್ಚಾ" ಯಾವ ರಿಜಿಸ್ಟರ್‌ನಲ್ಲೂ ಇರಲ್ಲ.

ಇಸಾಪ್ ಕಥೆನೂ ಇಲ್ಲೇ ಬರುತ್ತೆ. ಆಯ್ಕೆ ಕೊಟ್ಟ ದಿನ ನೀವು ಷೇರುದಾರ ಆಗಲ್ಲ. ಕೊಟ್ಟ ದಿನದಿಂದ ಅದು ನಿಮ್ಮ ಹಕ್ಕಾಗಿ ಪಕ್ವ ಆಗೋಕೆ ಕನಿಷ್ಠ ಒಂದು ವರ್ಷ ಕಾಯಬೇಕು. ನಂತರ ನೀವು ನಿಗದಿ ಆದ ಬೆಲೆ ಕೊಟ್ಟು ಷೇರು ತಗೊಂಡ ಮೇಲೆ ಮಾತ್ರ ಷೇರು ಬಂಡವಾಳದಲ್ಲಿ ನಿಮ್ಮ ಪಾಲು ಕಾಣುತ್ತೆ. ಅಲ್ಲಿವರೆಗೆ ಡಿವಿಡೆಂಡ್ ಇಲ್ಲ, ವೋಟ್ ಇಲ್ಲ. ಆದರೂ ಕಂಪನಿ ಅದರ ವೆಚ್ಚವನ್ನ ವರ್ಷ ವರ್ಷ ಲೆಕ್ಕಕ್ಕೆ ತಗೊಂಡು ಷೇರು ಆಯ್ಕೆಗಳ ಖಾತೆಯಲ್ಲಿ ತೋರಿಸಬೇಕು. ಅದು ರಿಸರ್ವ್‌ಗಳ ಹೆಡ್ಡಿಂಗ್ ಕೆಳಗೇ ಇರುತ್ತೆ. ಆಡಿಟರ್ ಸ್ಕೀಮಿಗೆ ಷೇರುದಾರರ ನಿರ್ಣಯ ಇದೆಯಾ, ಎಷ್ಟು ಕೊಟ್ಟರು, ಎಷ್ಟು ರದ್ದಾಯ್ತು, ಎಷ್ಟು ಷೇರಾಯ್ತು ಅಂತ ಮತ್ತೆ ಅದೇ ಸಮೀಕರಣ ಹಾಕ್ತಾರೆ.

ರಿಸರ್ವ್: ಯಾವ ದುಡ್ಡು, ಯಾವ ಕೆಲಸಕ್ಕೆ

ರಿಸರ್ವ್‌ನಲ್ಲೂ ಪ್ರತಿ ಖಾತೆಗೆ ಅದೇ ಸಮೀಕರಣ. ಆದರೆ ಇಲ್ಲಿ ಇನ್ನೊಂದು ಪ್ರಶ್ನೆ ಸೇರುತ್ತೆ: ಈ ಖಾತೆಯಿಂದ ಈ ಕೆಲಸಕ್ಕೆ ತೆಗೆಯೋಕೆ ಕಾನೂನು ಬಿಡುತ್ತಾ?

ಸೆಕ್ಯುರಿಟೀಸ್ ಪ್ರೀಮಿಯಂ ತಗೊಳ್ಳಿ. ನಮ್ಮ ಕಂಪನಿ ಹತ್ರ 28 ಲಕ್ಷ ಇದೆ. ಸೆಕ್ಷನ್ 52 ಹೇಳೋ ಉಪಯೋಗಗಳು ಕೆಲವೇ: ಬೋನಸ್ ಷೇರು ಕೊಡೋದು, ಪ್ರಾರಂಭಿಕ ಖರ್ಚು ವಜಾ ಮಾಡೋದು, ಷೇರು ಅಥವಾ ಡಿಬೆಂಚರ್ ವಿತರಣೆಯ ಖರ್ಚು ವಜಾ ಮಾಡೋದು, ಪ್ರಿಫರೆನ್ಸ್ ಷೇರು ಅಥವಾ ಡಿಬೆಂಚರ್ ತೀರಿಸುವಾಗ ಕೊಡೋ ಪ್ರೀಮಿಯಂ, ಮತ್ತು ತನ್ನದೇ ಷೇರು ವಾಪಸ್ ಕೊಳ್ಳೋದು. ಷೇರು ವಿತರಣೆಗೆ 1 ಲಕ್ಷ ಖರ್ಚಾಗಿದ್ರೆ ಇಲ್ಲಿಂದ ಕಳೀಬಹುದು, ಉಳಿದದ್ದು 27 ಲಕ್ಷ. ಆದರೆ ಈ ವರ್ಷದ ಮಾರ್ಕೆಟಿಂಗ್ ಖರ್ಚನ್ನ ಇದರಲ್ಲಿ ಮುಚ್ಚಿಹಾಕಿ "ನಮಗೆ ಲಾಭ ಆಯ್ತು" ಅಂತ ತೋರಿಸೋ ಹಾಗಿಲ್ಲ. ಡಿವಿಡೆಂಡ್ ಕೊಡೋಕೂ ಇದನ್ನ ಮುಟ್ಟೋ ಹಾಗಿಲ್ಲ. ಹೂಡಿಕೆದಾರರು ಹಾಕಿದ ದುಡ್ಡನ್ನೇ ಲಾಭ ಅಂತ ಅವರಿಗೆ ವಾಪಸ್ ಕೊಡೋದು ಲಾಭ ಅಲ್ವಲ್ಲ!

ಉಳಿದ ಲಾಭದ ಖಾತೆ: ಆರಂಭದಲ್ಲಿ 6 ಲಕ್ಷ, ಈ ವರ್ಷದ ಲಾಭ 9 ಲಕ್ಷ, ಕೊಟ್ಟ ಡಿವಿಡೆಂಡ್ 2 ಲಕ್ಷ, ಕೊನೆಗೆ 13 ಲಕ್ಷ. 9 ಲಕ್ಷ ಲಾಭ–ನಷ್ಟ ಪತ್ರಿಕೆಯ ಜೊತೆ ತಾಳೆ ಆಗಬೇಕು. 2 ಲಕ್ಷಕ್ಕೆ ಸಭೆಯ ನಿರ್ಣಯ ಇರಬೇಕು, ಘೋಷಿಸಿದ 5 ದಿನದೊಳಗೆ ಆ ದುಡ್ಡು ಪ್ರತ್ಯೇಕ ಬ್ಯಾಂಕ್ ಖಾತೆಗೆ ಹೋಗಿರಬೇಕು.

ಕ್ಯಾಪಿಟಲ್ ರಿಡೆಂಪ್ಷನ್ ರಿಸರ್ವ್: ಕಂಪನಿ ತನ್ನ ಷೇರನ್ನ ಫ್ರೀ ರಿಸರ್ವ್ ಅಥವಾ ಪ್ರೀಮಿಯಂನಿಂದ ವಾಪಸ್ ಕೊಂಡ್ರೆ, ಆ ಷೇರುಗಳ ಮುಖಬೆಲೆಯಷ್ಟು ಮೊತ್ತವನ್ನ ಇಲ್ಲಿಗೆ ವರ್ಗ ಮಾಡಬೇಕು. ಬಂಡವಾಳ ಕಡಿಮೆ ಆದ ಜಾಗದಲ್ಲಿ ಒಂದು ಬೀಗ ಹಾಕಿದ ಹಾಗೆ. ಸಾಲ ಕೊಟ್ಟವರಿಗೆ ಇದು ರಕ್ಷಣೆ. ಈ ಖಾತೆಯನ್ನ ಬೋನಸ್ ಷೇರಿಗೆ ಬಳಸಬಹುದು.

ರೀವ್ಯಾಲ್ಯುಯೇಷನ್ ರಿಸರ್ವ್: ಸೈಟಿನ ಬೆಲೆ ಏರಿದೆ ಅಂತ ಪುಸ್ತಕದಲ್ಲಿ ಬರೆದಿದ್ದು. ಮಾರಿಲ್ಲ, ದುಡ್ಡು ಬಂದಿಲ್ಲ. ಆದ್ದರಿಂದ ಇದು ಫ್ರೀ ರಿಸರ್ವ್ ಅಲ್ಲ, ಡಿವಿಡೆಂಡ್‌ಗೂ ಬರಲ್ಲ, ಬೋನಸ್‌ಗೂ ಬರಲ್ಲ. ಆಡಿಟರ್ ವ್ಯಾಲ್ಯುಯರ್ ವರದಿ ಓದ್ತಾರೆ, ಈ ಮೊತ್ತ ಬೇರೆ ಖಾತೆಗೆ ಸದ್ದಿಲ್ಲದೆ ಜಾರಿದೆಯಾ ನೋಡ್ತಾರೆ.

ಬೋನಸ್ ಷೇರು ಅಂದಾಗ ನ್ಯೂಸ್‌ನಲ್ಲಿ ಏನೋ ಉಡುಗೊರೆ ಥರ ಹೇಳ್ತಾರೆ. 2018ರಲ್ಲಿ ಇನ್ಫೋಸಿಸ್ ಒಂದಕ್ಕೊಂದು ಬೋನಸ್ ಕೊಡ್ತು, ಮುಖಬೆಲೆ 5 ರೂಪಾಯಿ. ಲೆಕ್ಕದಲ್ಲಿ ಆಗೋದು ಇಷ್ಟೇ: ಪ್ರತಿ ಹೊಸ ಷೇರಿಗೆ 5 ರೂಪಾಯಿ ರಿಸರ್ವ್ ಸಾಲಿನಿಂದ ಷೇರು ಬಂಡವಾಳದ ಸಾಲಿಗೆ ಹೋಗುತ್ತೆ. ಒಟ್ಟು ಮೊತ್ತ ಅಷ್ಟೇ ಇರುತ್ತೆ. ಒಂದೇ ಪಿಜ್ಜಾವನ್ನ ನಾಲ್ಕರ ಬದಲು ಎಂಟು ಪೀಸ್ ಮಾಡಿದ ಹಾಗೆ.

ಎಲ್ಲಾ ಟಿಕ್ ಬಿದ್ದರೂ ಸುಳ್ಳಾಗಬಹುದು

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಇಲ್ಲಿವರೆಗೆ ಹೇಳಿದ ಎಲ್ಲಾ ಪೇಪರ್ ಸರಿ ಇದ್ರೂ ರಿಸರ್ವ್ ಸುಳ್ಳಾಗಿರಬಹುದು. ಹೇಗೆ ಅನ್ನೋದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ, ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್. ಎಂಜಿನಿಯರ್‌ಗಳೇ ತುಂಬಿದ್ದ ಐಟಿ ಕಂಪನಿ.

2009ರ ಜನವರಿ 7ರಂದು ಅದರ ಅಧ್ಯಕ್ಷ ಬಿ. ರಾಮಲಿಂಗ ರಾಜು ಬೋರ್ಡ್‌ಗೆ ಒಂದು ಪತ್ರ ಬರೆದರು. 2008ರ ಸೆಪ್ಟೆಂಬರ್ 30ರ ಬ್ಯಾಲೆನ್ಸ್ ಶೀಟ್‌ನಲ್ಲಿ ಹೀಗಿದೆ ಅಂತ ಅವರೇ ಒಪ್ಪಿಕೊಂಡರು: ಪುಸ್ತಕದಲ್ಲಿ 5,361 ಕೋಟಿ ನಗದು ಮತ್ತು ಬ್ಯಾಂಕ್ ಶಿಲ್ಕು ಇದೆ, ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ. 376 ಕೋಟಿ ಬಡ್ಡಿ ಬರಬೇಕು ಅಂತ ತೋರಿಸಿದ್ದು ಸುಳ್ಳು. 1,230 ಕೋಟಿ ಸಾಲ ತೋರಿಸಿಯೇ ಇಲ್ಲ. ಗಿರಾಕಿಗಳಿಂದ ಬರಬೇಕಾದ ಬಾಕಿ 490 ಕೋಟಿಯಷ್ಟು ಜಾಸ್ತಿ ತೋರಿಸಲಾಗಿದೆ. ನಾಲ್ಕೂ ಕೂಡಿದ್ರೆ 7,136 ಕೋಟಿ.

ಈಗ ಬೇಸಿಕ್ ಸಮೀಕರಣ ನೆನಪಿಸಿಕೊಳ್ಳಿ: ಆಸ್ತಿ − ಸಾಲ = ಮಾಲೀಕರ ಪಾಲು. ಮಾಲೀಕರ ಪಾಲು ಅಂದ್ರೆ ಷೇರು ಬಂಡವಾಳ + ರಿಸರ್ವ್. ಆಸ್ತಿ ಉಬ್ಬಿಸಿದ್ರಿ, ಸಾಲ ಮುಚ್ಚಿಟ್ರಿ. ಷೇರು ಬಂಡವಾಳ ರಿಜಿಸ್ಟರ್‌ನಲ್ಲಿ ಲಾಕ್ ಆಗಿದೆ, ಅದು ಬದಲಾಗಲ್ಲ. ಹಾಗಾದ್ರೆ ಸುಳ್ಳು ಹೋಗಿ ಕೂರೋ ಜಾಗ ಯಾವುದು? ರಿಸರ್ವ್. ಸುಳ್ಳು ಇನ್‌ವಾಯ್ಸ್ ಮಾಡಿದ್ರೆ ಸುಳ್ಳು ಆದಾಯ, ಅದರಿಂದ ಸುಳ್ಳು ಲಾಭ, ವರ್ಷದ ಕೊನೆಗೆ ಅದು ರಿಸರ್ವ್‌ಗೆ. ಕೂಡಿಸಿ ಕಳೆದು ನೋಡಿದ್ರೆ ಎಲ್ಲಾ ಪರ್ಫೆಕ್ಟ್.

ಅದಕ್ಕೇ ರಿಸರ್ವ್ ಅನ್ನೋ ಸಾಲನ್ನ ಆ ಸಾಲಿನಲ್ಲೇ ನಿಂತು ಪೂರ್ತಿ ಚೆಕ್ ಮಾಡೋಕೆ ಆಗಲ್ಲ. ಅದರ ಸತ್ಯ ಬ್ಯಾಲೆನ್ಸ್ ಶೀಟ್‌ನ ಆ ಕಡೆ ಇದೆ. ಬ್ಯಾಂಕಿನಲ್ಲಿ ಇದೆ ಅಂದ ದುಡ್ಡು ಬ್ಯಾಂಕಿನಲ್ಲಿ ಇದೆಯಾ? ಅದನ್ನ ಕೇಳಬೇಕಾದ್ದು ಬ್ಯಾಂಕನ್ನ, ಕಂಪನಿಯನ್ನ ಅಲ್ಲ. ಆಡಿಟ್ ಮಾನದಂಡ ಎಸ್‌ಎ 505 ಹೇಳೋದು ಇದನ್ನೇ: ದೃಢೀಕರಣ ಪತ್ರ ಕಳಿಸೋದು, ಉತ್ತರ ಪಡೆಯೋದು ಆಡಿಟರ್ ಹಿಡಿತದಲ್ಲೇ ಇರಬೇಕು. ಉತ್ತರ ನೇರವಾಗಿ ಆಡಿಟರ್‌ಗೇ ಬರಬೇಕು.

ಸತ್ಯಂ ಷೇರು ನ್ಯೂಯಾರ್ಕ್‌ನಲ್ಲೂ ವ್ಯವಹಾರ ಆಗ್ತಿತ್ತು, ಹಾಗಾಗಿ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕರೂ ಇದನ್ನ ವಿಚಾರಿಸಿದರು. ಅದರ ಆಡಿಟರ್ ಆಗಿದ್ದ ಪ್ರೈಸ್ ವಾಟರ್‌ಹೌಸ್‌ನ ಭಾರತೀಯ ಸಂಸ್ಥೆಗಳ ಮೇಲೆ 2011ರ ಆದೇಶದಲ್ಲಿ ಅವರು ಎತ್ತಿ ತೋರಿಸಿದ್ದು ಇದೇ ಜಾಗವನ್ನ: ಬ್ಯಾಂಕ್ ದೃಢೀಕರಣ ಕಳಿಸೋ, ಪಡೆಯೋ ಪ್ರಕ್ರಿಯೆಯ ಹಿಡಿತವನ್ನ ಆಡಿಟರ್‌ಗಳು ಕಂಪನಿಯ ಕೈಗೆ ಬಿಟ್ಟಿದ್ದರು. ಆ ಸಂಸ್ಥೆಗಳು ಆರೋಪ ಒಪ್ಪದೆ, ನಿರಾಕರಿಸದೆ 60 ಲಕ್ಷ ಡಾಲರ್ ದಂಡ ಕಟ್ಟಿ ಪ್ರಕರಣ ಇತ್ಯರ್ಥ ಮಾಡಿಕೊಂಡವು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸೆನ್ಸರ್ ಓದಬೇಕಾದ ಕಡೆ ಸೆನ್ಸರ್ ಮಾರಿದವನನ್ನೇ ರೀಡಿಂಗ್ ಎಷ್ಟಪ್ಪ ಅಂತ ಕೇಳಿದ ಹಾಗೆ.

ನಾವು ಏನು ನೋಡಬಹುದು?

ನಾವು ಆಡಿಟರ್ ಅಲ್ಲ. ಆದರೂ ಕೆಲವನ್ನ ನಾವೇ ನೋಡಬಹುದು.

1. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಕಂಪನಿಯ ಹೆಸರು ಹಾಕಿದ್ರೆ ಅಧಿಕೃತ ಮತ್ತು ಪಾವತಿಯಾದ ಬಂಡವಾಳ ಎರಡೂ ಸಿಗುತ್ತೆ. ಯಾರಾದ್ರೂ "ನಮ್ಮದು ಕೋಟಿ ಬಂಡವಾಳದ ಕಂಪನಿ" ಅಂದ್ರೆ ಯಾವ ಬಂಡವಾಳ ಅಂತ ಕೇಳಿ. ಮಿತಿನಾ, ದುಡ್ಡಾ?

2. ವಾರ್ಷಿಕ ವರದಿಯಲ್ಲಿ ಷೇರು ಬಂಡವಾಳದ ಟಿಪ್ಪಣಿ ಓದಿ. ವರ್ಷದ ಆರಂಭದ ಷೇರು, ಕೊನೆಯ ಷೇರು, ನಡುವಿನ ಬದಲಾವಣೆ ಎಲ್ಲಾ ಅಲ್ಲಿರಬೇಕು. ಶೇಕಡ 5ಕ್ಕಿಂತ ಜಾಸ್ತಿ ಷೇರು ಇರೋರ ಹೆಸರೂ ಇರುತ್ತೆ.

3. ಇಸಾಪ್ ಆಫರ್ ಬಂದ್ರೆ "10,000 ಷೇರು" ಅನ್ನೋ ಸಂಖ್ಯೆಗೆ ಖುಷಿ ಪಡಬೇಡಿ. ಒಟ್ಟು ಎಷ್ಟರಲ್ಲಿ 10,000 ಅಂತ ಕೇಳಿ, ಇನ್ನೂ ಷೇರಾಗದ ಆಯ್ಕೆಗಳನ್ನೂ ಸೇರಿಸಿ. 1 ಲಕ್ಷದಲ್ಲಿ ಆದ್ರೆ ಶೇಕಡ 10, 10 ಕೋಟಿಯಲ್ಲಿ ಆದ್ರೆ ಶೇಕಡ 0.01.

4. ರಿಸರ್ವ್ ವರ್ಷ ವರ್ಷ ಬೆಳೀತಾ ಇದ್ರೆ ಆ ಕಡೆ ಏನು ಬೆಳೀತಿದೆ ನೋಡಿ. ಲಾಭ ಜೋರು, ಆದರೆ ಬರೀ ಬಾಕಿ ಏರ್ತಿದೆ ಅಂದ್ರೆ ಅನುಮಾನ ಇರಲಿ. ನಗದು ರಾಶಿ ಇದ್ದೂ ಸಾಲ ಮಾಡ್ತಿದ್ರೆ ಇನ್ನೂ ಜಾಸ್ತಿ.

ಒಂದು ಸಣ್ಣ ಲೆಕ್ಕ

ನಮ್ಮ ಉದಾಹರಣೆಯ ಕಂಪನಿಗೆ ವಾಪಸ್ ಹೋಗಿ. ಷೇರು 1,20,000, ಮುಖಬೆಲೆ 10. ಅಧಿಕೃತ ಬಂಡವಾಳ 15 ಲಕ್ಷ. ಪ್ರೀಮಿಯಂ 27 ಲಕ್ಷ, ಉಳಿದ ಲಾಭ 13 ಲಕ್ಷ, ರೀವ್ಯಾಲ್ಯುಯೇಷನ್ ರಿಸರ್ವ್ 40 ಲಕ್ಷ. ಒಂದಕ್ಕೊಂದು ಬೋನಸ್ ಕೊಡಬೇಕು, ರೀವ್ಯಾಲ್ಯುಯೇಷನ್ ರಿಸರ್ವ್‌ನಿಂದ ತೆಗೀತೀವಿ ಅಂತ ಡೈರೆಕ್ಟರ್‌ಗಳು ಹೇಳ್ತಾರೆ. ನೀವು ಆಡಿಟರ್ ಆದ್ರೆ ಏನಂತೀರಿ? ಕೆಳಗೆ ಓದೋಕೆ ಮುಂಚೆ ಒಂದು ನಿಮಿಷ ಯೋಚಿಸಿ.

ಉತ್ತರ: ಎರಡು ಕಡೆ ತಡೀಬೇಕು. ಒಂದು, ರೀವ್ಯಾಲ್ಯುಯೇಷನ್ ರಿಸರ್ವ್‌ನಿಂದ ಬೋನಸ್ ಕೊಡೋ ಹಾಗಿಲ್ಲ. ಬೇಕಾದ 12 ಲಕ್ಷವನ್ನ ಪ್ರೀಮಿಯಂ ಖಾತೆಯಿಂದ ತೆಗೀಬಹುದು. ಎರಡು, ಬೋನಸ್ ಆದ ಮೇಲೆ ಬಂಡವಾಳ 24 ಲಕ್ಷ ಆಗುತ್ತೆ, ಮಿತಿ 15 ಲಕ್ಷ. ಮೊದಲು ಅಧಿಕೃತ ಬಂಡವಾಳ ಏರಿಸಿ, ಎಸ್‌ಎಚ್-7 ಹಾಕಿ, ಆಮೇಲೆ ಬೋನಸ್. ಮೊದಲನೆಯದು ಸಿಕ್ಕಿದ್ರೆ ನೀವು ರಿಸರ್ವ್ ಭಾಗ ಸರಿಯಾಗಿ ಓದಿದ್ದೀರಿ. ಎರಡನೆಯದೂ ಸಿಕ್ಕಿದ್ರೆ ನಿಮ್ಮ ಕೈಗೆ ಆಫರ್ ಲೆಟರ್ ಬಂದಾಗ ಅದನ್ನ ನಿಮ್ಮ ಸೀನಿಯರ್‌ಗಳಿಗಿಂತ ಚೆನ್ನಾಗಿ ಓದ್ತೀರಿ.